ಹೆಸರಿನ ವಿಮೆ

ತಂಗೆವ್ವನ ಭುಜ ಮುರಿದ ಹೊತ್ತಿಗೆ ನಾನು ಅಂಗಡಿಯಲ್ಲಿ ಕೂತು ಜೀಪೊಂದರ ಸೀಟಿಗೆ ಕವರು ಹೊಲಿಯುತ್ತಿದ್ದೆ. ಬಲಭುಜದಲ್ಲಿ ಒಮ್ಮೆಲೇ ಚಳುಕು ಹೊಡೆದು ರೆಕ್ಸಿನ್ ಕೈಯಿಂದ ಜಾರಿತು. ಹೊಲಿಗೆ ಓರೆಯಾಗಿ ಓಡಿತು. ಎದುರಿಗೆ ಸ್ಕೂಟರ್ ನಿಲ್ಲಿಸಿಕೊಂಡು ಮಾತಾಡುತ್ತಿದ್ದ ಇಬ್ಬರೂ ಮಾತು ನಿಲ್ಲಿಸಿ ಬಲಭುಜ ಹಿಡಿದುಕೊಂಡರು. ಚಹಾದ ಅಂಗಡಿಯವನು ಕೆಟಲ್ ಕೆಳಗಿಟ್ಟ. ಯಾರೂ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಭುಜ ಉಜ್ಜಿಕೊಂಡು ಎಲ್ಲರೂ ತಮ್ಮ ಕೆಲಸಕ್ಕೆ ಮರಳಿದರು.

ನಮ್ಮೂರಲ್ಲಿ ಮನೆಯಲ್ಲಿ ಗಾಡಿ ಇರುವವರೆಲ್ಲ ಊರ ವಿಮೆಯಲ್ಲಿರುತ್ತಾರೆ. ಗಾಡಿಗೆ ಸಿಕ್ಕು ಯಾರಿಗಾದರೂ ಪೆಟ್ಟಾದರೆ ಅವರ ನೋವು ಅವರ ಮೈಯಲ್ಲಿ ನಿಲ್ಲುವುದಿಲ್ಲ. ವಿಮೆಯಲ್ಲಿರುವ ಎಲ್ಲರ ಮೈಗೂ ಚೂರು ಚೂರಾಗಿ ಹಂಚಿಹೋಗುತ್ತದೆ. ನಾವು ಕಟ್ಟುವ ಕಂತು ಅದೇ. ಮೂಳೆ ಮಾತ್ರ ಮುರಿದವರದೇ. ಅದು ಕೂಡಿಕೊಳ್ಳುವವರೆಗೆ ಅವರು ಮಲಗಿರಬೇಕು, ನಾವು ನೋಯಬೇಕು. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ.

ಸಂಜೆಗೆ ಸುದ್ದಿ ಬಂತು. ಗಾಡಿ ನನ್ನ ತಮ್ಮ ಗುರುಪಾದನದು. ಅವನು ಕುಡಿದಿದ್ದ.

ಗುರುಪಾದ ಬಾಡಿಗೆ ಕಾರು ಓಡಿಸುತ್ತಿದ್ದ. ಅವತ್ತು ಯಾರದೋ ಗೃಹಪ್ರವೇಶಕ್ಕೆ ಮಂದಿಯನ್ನು ಕರೆದುಕೊಂಡು ಹೋಗಿದ್ದವನು ಊಟದ ನಂತರ ಗೆಳೆಯರ ಜೊತೆ ಹಿತ್ತಲಲ್ಲಿ ಕೂತು ಕುಡಿದು, ಹಾಗೇ ಗಾಡಿ ತೆಗೆದಿದ್ದ. ತಂಗೆವ್ವ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು. ಬುಟ್ಟಿ ಹೊತ್ತುಕೊಂಡು ರಸ್ತೆಯ ಅಂಚಿನಲ್ಲೇ ನಡೆಯುತ್ತಿದ್ದಳು. ಅವಳದು ಎಳ್ಳಷ್ಟೂ ತಪ್ಪಿರಲಿಲ್ಲ.

ಸುಮ್ಮನೆ ಆದ ಅಪಘಾತವನ್ನು ನಮ್ಮೂರ ಜನ ಗೊಣಗದೆ ಹೊರುತ್ತಾರೆ. ಬ್ರೇಕು ಹಿಡಿಯಲಿಲ್ಲ, ದನ ಅಡ್ಡ ಬಂತು, ಕಣ್ಣಿಗೆ ಬಿಸಿಲು ಹೊಡೆಯಿತು ಎಂದರೆ ಯಾರೂ ಮಾತಾಡುವುದಿಲ್ಲ. ಕುಡಿದು ಮಾಡಿದ್ದನ್ನು ಮಾತ್ರ ಮರೆಯುವುದಿಲ್ಲ. ತಂಗೆವ್ವನ ಭುಜ ಕೂಡಿಕೊಳ್ಳುವವರೆಗೆ ನೀರು ಸೇದುವಾಗ, ಕೂದಲು ಬಾಚುವಾಗ ಊರಿಗೆ ಊರೇ ನನ್ನ ತಮ್ಮನ ಹೆಸರು ಹೇಳುತ್ತಿತ್ತು. ಅದಕ್ಕೆ ಗುರುಪಾದನ ಭುಜ ಎಂದೇ ಹೆಸರಾಯಿತು. ಗಿರಾಕಿಗಳು ನನ್ನ ಅಂಗಡಿಗೆ ಬಂದು, "ಗುರುಪಾದನ ಭುಜ ಇವತ್ತ ಭಾಳ ಕಾಡಾಕತ್ತೈತಿ ನೋಡ್ರಿ" ಅನ್ನುವರು. ನಾನು ತಲೆ ಎತ್ತದೆ ಅಳತೆ ತೆಗೆದುಕೊಳ್ಳುತ್ತಿದ್ದೆ.

ಕೋರ್ಟಿನಲ್ಲಿ ಅವನು ತಪ್ಪು ಒಪ್ಪಿಕೊಂಡ. ಕೆಲವು ವಾರ ಜೈಲು, ಒಂದು ವರ್ಷ ಲೈಸೆನ್ಸ್ ಇಲ್ಲ, ಮೂರು ವರ್ಷ ಊರ ವಿಮೆಯಿಂದ ಹೊರಗೆ. ಜೈಲಿನಿಂದ ಬಂದವನು ಕುಡಿತ ಬಿಟ್ಟಿದ್ದ. ಆದರೆ ಬಿಟ್ಟ ಮೇಲೆ ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಹೋಗಿಬರುವ ಗಾಡಿಗಳನ್ನು ನೋಡುತ್ತಿದ್ದ. ಒಮ್ಮೆ ನಾನು ಅವನ ಜೊತೆ ಕೂತಿದ್ದಾಗ ನನ್ನ ಮೊಣಕಾಲು ಸಣ್ಣಗೆ ನೋಯಿತು. ಬೀದಿಯಲ್ಲಿದ್ದವರೆಲ್ಲ ಬಗ್ಗಿ ಮೊಣಕಾಲು ಮುಟ್ಟಿಕೊಂಡರು. ಅವನೊಬ್ಬ ನೆಟ್ಟಗೆ ಕೂತಿದ್ದ. ತನಗೇನೂ ಆಗಲಿಲ್ಲವೆಂದು ಗೊತ್ತಾಗಿ, ಯಾರಾದರೂ ನೋಡಿದರೇನೋ ಎಂಬಂತೆ ಎದ್ದು ಒಳಗೆ ಹೋದ.

ಲೈಸೆನ್ಸ್ ಮರಳಿ ಸಿಗುವ ಕಾಲ ಬಂದಾಗ ನಾನೇ ಅವನನ್ನು ವಿಮಾ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿ ವಾಮನರಾವ್ ಎಂಬ ಅಧಿಕಾರಿ ಇದ್ದರು. ನಿಧಾನಕ್ಕೆ ಮಾತಾಡುವ ಮನುಷ್ಯ.

"ಊರ ವಿಮೆಯೊಳಗ ಈಗ ನಿಮಗ ಜಾಗಾ ಇಲ್ಲ" ಅಂದರು. "ಗಾಡಿ ಓಡಸಬೇಕಂದ್ರ ಹೆಸರಿನ ವಿಮೆ ಮಾಡಸಬೇಕು. ಮೂರು ಮನಿಯಿಂದ ಮೂರು ಮಂದಿ ಬಂದು ನನ್ನ ಮುಂದ ಒಪ್ಪಬೇಕು. ಅವರೊಳಗ ಒಬ್ಬರಾದರೂ ಬಳಗದ ಹೊರಗಿನವರು ಇರಬೇಕು. ಆರಾರು ತಿಂಗಳಿಗೆ ಮೂರೂ ಮಂದಿ ಬಂದು ಮತ್ತ ಹೂಂ ಅನಬೇಕು."

"ಅವರು ಏನ ಕೊಡಬೇಕ್ರಿ?" ನಾನು ಕೇಳಿದೆ.

"ಮೈ ಕೊಡಬೇಕು. ಇವರು ಯಾರಿಗರೆ ಹಾಯಿಸಿದ್ರ ಆ ನೋವು ಊರಿಗೆ ಹೋಗೂದಿಲ್ಲ. ಮೂರ ಮಂದಿಗೇ ಬರ್ತದ."

"ಇವನ ಮೈಮ್ಯಾಲ ಹಾಕಾಕ ಬರಂಗಿಲ್ಲೇನ್ರಿ? ಮಾಡಿದವ ಇವನ ಅಲ್ಲೇನ್ರಿ?"

"ಗಾಡಿ ಓಡಸೂವನಿಗೆ ನೋವು ಬಂದ್ರ ಗಾಡಿ ಎಲ್ಲಿಗೆ ಹೋಗ್ತದ ತಾಯಿ?" ಅಂದು ವಾಮನರಾವ್ ಕನ್ನಡಕ ತೆಗೆದರು. "ಇನ್ನೊಂದು ಹೇಳಬೇಕು. ಪೆಟ್ಟು ಬಿದ್ದವರು ಸತ್ತರ, ಸಾಯೂತನಕದ್ದು ಅಷ್ಟೂ ನಿಮಗ ಬರ್ತದ. ಗೊತ್ತಿದ್ದು ಬರ್ರಿ."

ಹೊರಗೆ ಬಂದ ಮೇಲೆ ಗುರುಪಾದ, "ಬ್ಯಾಡ ಬಿಡಕ್ಕಾ" ಅಂದ. "ಮತ್ತ ಏನ ಮಾಡ್ತಿ? ಕಟ್ಟಿಮ್ಯಾಲ ಕುಂತಕೊಂಡ ಎಷ್ಟ ದಿನ ಇರ್ತಿ?" ಅಂದೆ. ಹೀಗೆ ಕೂತರೆ ಮತ್ತೆ ಕುಡಿಯುತ್ತಾನೆ ಎಂಬ ಭಯ ನನಗಿತ್ತು. ಅವನಿಗೂ ಇತ್ತು.

ಅವನ ಹೆಂಡತಿ ಸುಮಿತ್ರಾ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಒಪ್ಪಿದಳು. ಎರಡನೆಯವಳು ನಾನು. ನನ್ನ ಗಂಡ ಸಿದ್ರಾಮರಿಗೆ ಹೇಳಿದಾಗ ಅವರು ಊಟ ಮಾಡುತ್ತಿದ್ದರು. "ನಿನ್ನ ಮೈ, ನಿನ್ನ ತಮ್ಮ. ಬ್ಯಾಡ ಅನ್ನಾಕ ನಾ ಯಾರು?" ಅಂದರು. ಕೈತೊಳೆದು ಬಂದು, "ಆದರ ನಾ ಕಚೇರಿಗೆ ಬರಂಗಿಲ್ಲ" ಅಂತ ಸೇರಿಸಿದರು.

ಮೂರನೆಯವರು ಸಿಗಲಿಲ್ಲ. ಗೃಹಪ್ರವೇಶದ ದಿನ ಹಿತ್ತಲಲ್ಲಿ ಅವನ ಜೊತೆ ಕೂತಿದ್ದ ಗೆಳೆಯರ ಮನೆಗಳಿಗೆಲ್ಲ ಹೋಗಿಬಂದ. ಒಬ್ಬನಿಗೆ ಹೆಂಡತಿ ಬೇಡ ಅಂದಿದ್ದಳಂತೆ, ಇನ್ನೊಬ್ಬನಿಗೆ ಸಕ್ಕರೆ ಕಾಯಿಲೆಯಂತೆ. ಮತ್ತೊಬ್ಬ ಮನೆಯಲ್ಲಿದ್ದುಕೊಂಡೇ ಇಲ್ಲ ಅನ್ನಿಸಿದ. ಅವರನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ. ನನ್ನನ್ನು ಯಾರಾದರೂ ಪರರಿಗಾಗಿ ಹೀಗೆ ಕೇಳಿದ್ದರೆ ನಾನೂ ಬಾಗಿಲು ಹಾಕಿಕೊಳ್ಳುತ್ತಿದ್ದೆನೇನೋ.

ಕೊನೆಗೆ ನಾನು ತಂಗೆವ್ವನ ಮನೆಗೆ ಹೋದೆ. ತಮ್ಮನಿಗೆ ಹೇಳಿರಲಿಲ್ಲ. ಅವಳು ಒಲೆಯ ಮುಂದೆ ಕೂತು ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನನ್ನನ್ನು ಕೂರಿಸಿ ನೀರು ಕೊಟ್ಟಳು. ನಾನು ಬಂದ ಕಾರಣ ಹೇಳಿ ಮುಗಿಸುವವರೆಗೂ ತಡೆಯದೆ ಕೇಳಿಸಿಕೊಂಡಳು.

"ನಿನ್ನ ತಮ್ಮನ ಮ್ಯಾಲ ನನಗ ಸಿಟ್ಟಿಲ್ಲವಾ" ಅಂದಳು. "ಬಂದು ಕಾಲು ಹಿಡದ. ಆತು, ಬಿಡಪಾ ಅಂದೆ. ಸುಳ್ಳ ಅಂದಿಲ್ಲ. ಆದರ ಇದು ಬ್ಯಾರೆ. ಊರವರು ನನ್ನ ನೋವು ಹೊತ್ತರು, ಖರೆ. ಆದರ ಈ ಕೈ ನಂದು. ಒಮ್ಮೆ ಕೊಟ್ಟೇನಿ. ಎರಡನೇ ಸರ್ತಿ ಕೊಡಂಗಿಲ್ಲ."

ಬರುವಾಗ ಅವಳು ಒಂದಷ್ಟು ರೊಟ್ಟಿ ಕಟ್ಟಿ ಕೊಟ್ಟಳು. ನಾನು ದಾರಿಯುದ್ದಕ್ಕೂ ಅವನ್ನು ಎದೆಗವಚಿಕೊಂಡು ನಡೆದೆ. ಯಾಕೆ ಹೋದೆನೋ ಅನ್ನಿಸುತ್ತಿತ್ತು.

ಆಮೇಲೆ ಒಪ್ಪಿದವನು ಇಮಾಮಸಾಬ. ಗ್ಯಾರೇಜು ನಡೆಸುತ್ತಾನೆ, ಗುರುಪಾದನ ಕಾರನ್ನು ಮೊದಲಿನಿಂದಲೂ ಅವನೇ ರಿಪೇರಿ ಮಾಡುತ್ತಿದ್ದವನು. ನಾವಾಗಿ ಅವನನ್ನು ಕೇಳಿರಲಿಲ್ಲ. ತಾನೇ ನನ್ನ ಅಂಗಡಿಗೆ ಬಂದ. "ನಂದೊಂದ ಶರತ್ತು ಐತಿ" ಅಂದ. "ಗಾಡಿ ನನ್ನ ಗ್ಯಾರೇಜಿನ್ಯಾಗ ಇರಬೇಕು. ಮುಂಜಾನೆ ಬಂದು ನನ್ನ ಎದುರಿಗೆ ನಿಂತು, ಚಹಾ ಕುಡದು, ನಾಲ್ಕ ಮಾತಾಡಿ, ಆಮ್ಯಾಲ ಕೀಲಿ ಇಸಕೊಂಡು ಹೋಗಬೇಕು. ನನ್ನ ಕಣ್ಣಿಗೆ ಸರಿ ಕಾಣದ ದಿನ ಕೀಲಿ ಕೊಡಂಗಿಲ್ಲ. ಯಾಕಂತ ಕೇಳಬಾರದು."

"ನಿಮಗ ಅವ ಏನ ಆಗಬೇಕಂತ ಇಷ್ಟ ಮಾಡ್ತೀರಿ?" ನಾನು ಕೇಳಿದೆ.

"ನನ್ನ ಅಣ್ಣ ಇದರಾಗ ಹ್ವಾದ್ರಿ" ಅಂದ. "ಅವಗ ಹೆಸರಿನ ವಿಮಾ ಯಾರೂ ಕೊಡಲಿಲ್ಲ. ಗಾಡಿ ಮಾರಿದ. ಆಮ್ಯಾಲ ಕುಡದ ಸತ್ತ." ಇಷ್ಟೇ ಹೇಳಿ ಎದ್ದು ಹೋದ.

ಹೀಗೆ ಗುರುಪಾದ ಮತ್ತೆ ಗಾಡಿ ಓಡಿಸತೊಡಗಿದ. ಅವನು ಓಡಿಸುವ ರೀತಿ ನೋಡಿ ಜನ ನಗುತ್ತಿದ್ದರು. ಖಾಲಿ ರಸ್ತೆಯಲ್ಲೂ ತಿರುವಿನ ಮೊದಲು ನಿಂತು ಹಾರ್ನ್ ಮಾಡುತ್ತಿದ್ದ. ಕೋಳಿ ಅಡ್ಡ ಬಂದರೆ ಇಳಿದು ಓಡಿಸುತ್ತಿದ್ದ. ಅವಸರವಿದ್ದವರು ಅವನ ಕಾರು ಹತ್ತುವುದನ್ನೇ ಬಿಟ್ಟರು. ಬಸುರಿಯರನ್ನು ಮಾತ್ರ ಅವನ ಗಾಡಿಯಲ್ಲೇ ಆಸ್ಪತ್ರೆಗೆ ಕಳಿಸುವುದು ರೂಢಿಯಾಯಿತು.

ಮೊದಲ ಆರು ತಿಂಗಳು ಏನೂ ಆಗಲಿಲ್ಲ. ನಾವು ಕಚೇರಿಗೆ ಹೋಗಿ ಹೂಂ ಅಂದು ಬಂದೆವು. ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ಬಿದ್ದೆ. ಎಡತೊಡೆಯನ್ನು ಯಾರೋ ಎರಡು ಕೈಯಿಂದ ಹಿಡಿದು ಮುರಿದಂತಿತ್ತು. ಕೂಗಲು ಬಾಯಿ ತೆರೆದರೆ ಸದ್ದು ಬರಲಿಲ್ಲ. ಊರ ವಿಮೆಯ ನೋವಿಗೆ ನನ್ನ ಮೈ ಒಗ್ಗಿತ್ತು. ಇದು ಅದರ ಜಾತಿಯದೇ ಅಲ್ಲ. ಬಿದ್ದಲ್ಲಿಂದ ರಸ್ತೆ ಕಾಣುತ್ತಿತ್ತು. ಜನ ತಮ್ಮ ಪಾಡಿಗೆ ತಾವು ನಡೆದಾಡುತ್ತಿದ್ದರು, ಒಬ್ಬರೂ ತೊಡೆ ಮುಟ್ಟಿಕೊಳ್ಳಲಿಲ್ಲ. ಆಗ ನನಗೆ ತಿಳಿಯಿತು.

ಸಿದ್ರಾಮ ಓಡಿ ಬಂದರು. ನನ್ನನ್ನು ಎತ್ತಿಕೊಳ್ಳುತ್ತಲೇ, "ಕುಡದಾನ ಮಗಾ" ಅಂದರು. ನಾನು ಅವರ ಅಂಗಿ ಹಿಡಿದುಕೊಂಡಿದ್ದೆ. ನಾನೂ ಅದನ್ನೇ ಅಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚಕ್ಕೆ ಸುಮಿತ್ರಾಳನ್ನು ತಂದರು. ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತ ಬಿದ್ದಿದ್ದಳಂತೆ. ಇಮಾಮಸಾಬನನ್ನು ಲಾರಿಯ ಕೆಳಗಿನಿಂದ ಎಳೆದು ತಂದಿದ್ದರು. ಮೂವರ ಕಾಲುಗಳೂ ನೋಡಲು ಗಟ್ಟಿಮುಟ್ಟಾಗಿದ್ದವು. ಕಾಲು ಮುರಿದುಕೊಂಡವನು ಹಾಲು ಹಾಕುವ ರಾಚಪ್ಪ. ಓಣಿಯಿಂದ ಸೈಕಲ್ ಮೇಲೆ ನೆಟ್ಟಗೆ ಕಾರಿನ ಮುಂದಕ್ಕೇ ಬಂದಿದ್ದ. ಕಾರು ಮೆಲ್ಲಗೇ ಬರುತ್ತಿತ್ತು, ಆದರೂ ಅವನು ಬಿದ್ದ ರೀತಿಗೆ ತೊಡೆಯ ಮೂಳೆ ಮುರಿಯಿತು. ಅವನಿಗೆ ಚೂರೂ ನೋವಿರಲಿಲ್ಲ. ಮುರಿದ ಕಾಲನ್ನು ಊರಿ ಎದ್ದು ಚೆಲ್ಲಿದ ಹಾಲಿನ ಕ್ಯಾನು ಎತ್ತಲು ಹೋದನಂತೆ. ಗುರುಪಾದ ಅವನನ್ನು ತಬ್ಬಿ ಹಿಡಿದು ನೆಲಕ್ಕೆ ಕೂರಿಸಿ, "ಅಲಗ್ಯಾಡಬ್ಯಾಡಣ್ಣಾ, ನಿನ್ನ ಕಾಲಿಗೆ ಬೀಳ್ತೇನಿ, ನಮ್ಮ ಅಕ್ಕಗ ನೋವಾಕ್ಕೈತಿ" ಅಂತ ಅಳುತ್ತಿದ್ದನಂತೆ. ಆಸ್ಪತ್ರೆಗೆ ತರುವವರೆಗೂ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ರಾಚಪ್ಪನ ಮೂಳೆ ಕೂಡಿಸುವಾಗ ಡಾಕ್ಟರು ಮತ್ತಿನ ಇಂಜೆಕ್ಷನ್ ಕೊಟ್ಟದ್ದು ನಮ್ಮ ಮೂವರಿಗೆ. ಅವನು ಎಚ್ಚರವಾಗಿದ್ದುಕೊಂಡು ತನ್ನ ಎಮ್ಮೆಗಳಿಗೆ ನೀರು ಯಾರು ಕುಡಿಸುತ್ತಾರೆಂದು ಕೇಳುತ್ತಲೇ ಇದ್ದನೆಂದು ನರ್ಸ್ ಹೇಳಿದಳು.

ನನಗೆ ಎಚ್ಚರವಾದಾಗ ಸಿದ್ರಾಮ ಮಂಚದ ಪಕ್ಕದಲ್ಲಿದ್ದರು. ಪೊಲೀಸ್ ಠಾಣೆಗೆ ತಾವೇ ಹೋಗಿ ರಕ್ತ ಪರೀಕ್ಷೆಯ ಫಲಿತಾಂಶ ಕೇಳಿಕೊಂಡು ಬಂದಿದ್ದರು. "ಕುಡದಿಲ್ಲ" ಅಂದರು. "ಒಂದ ಹನಿನೂ ಇಲ್ಲಂತ." ಆಮೇಲೆ ನನ್ನ ಕಾಲನ್ನು ಒತ್ತತೊಡಗಿದರು. ಒತ್ತಿದರೆ ಅಲ್ಲಿ ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಬೇಡ ಅನ್ನಲಿಲ್ಲ.

ನೋವಿಲ್ಲದ ಮನುಷ್ಯನನ್ನು ಮಲಗಿಸುವುದು ಕಷ್ಟ. ರಾಚಪ್ಪ ಹಟಮಾರಿ, ಮದುವೆಯಾದವನಲ್ಲ, ಅವನ ಮನೆಯೆಂದರೆ ಎಮ್ಮೆಗಳು. ಮನೆಗೆ ಕಳಿಸಿದ ದಿನವೇ ಕೋಲು ಹಿಡಿದು ಕೊಟ್ಟಿಗೆಗೆ ಹೊರಟ. ನಾವು ಮೂವರೂ ಇದ್ದಲ್ಲೇ ಚೀರಿದೆವು. ಅಂದಿನಿಂದ ಗುರುಪಾದ ಅವನ ಮನೆಯಲ್ಲೇ ಉಳಿದ. ಎಮ್ಮೆಗಳಿಗೆ ಹುಲ್ಲು ಹಾಕಿದ, ಸಗಣಿ ಬಾಚಿದ, ರಾಚಪ್ಪನ ಬೈಗುಳ ತಿನ್ನುತ್ತ ಹಾಲು ಕರೆಯುವುದು ಕಲಿತ. ಅವನನ್ನು ಹೊರಕ್ಕೆ ಒಯ್ಯುವಾಗ, ಮೈತೊಳೆಯುವಾಗ ಕಾಲಿನ ಕೆಳಗೆ ತನ್ನ ತೋಳು ಇಟ್ಟು ಎತ್ತುತ್ತಿದ್ದ. ಇದನ್ನೆಲ್ಲ ಯಾರೂ ನನಗೆ ಹೇಳಬೇಕಾಗಿರಲಿಲ್ಲ. ನನ್ನ ತೊಡೆಗೇ ತಿಳಿಯುತ್ತಿತ್ತು. ಮೊದಮೊದಲು ಅವನ ಕೈ ಒರಟಾಗಿತ್ತು. ದಿನ ಹೋದಂತೆ ಮೆತ್ತಗಾಯಿತು. ಎತ್ತಿದ್ದೂ ಇಳಿಸಿದ್ದೂ ಗೊತ್ತಾಗದಂಥ ದಿನಗಳು ಬಂದವು. ಸುಮಿತ್ರಾ ನನ್ನನ್ನು ನೋಡಲು ಬಂದವಳು, "ನನ್ನ ಎಂದೂ ಇಷ್ಟ ಹಗೂರ ಮುಟ್ಟಿಲ್ಲ ನೋಡ್ರಿ ಅಕ್ಕಾ, ಆ ಗಂಡಸು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

ರಾಚಪ್ಪನ ಕಾಲು ಕೂಡಿಕೊಂಡಿತು. ನಮ್ಮ ಕಾಲುಗಳೂ ನಮಗೆ ಮರಳಿದವು. ಗುರುಪಾದ ಮತ್ತೆ ಇಮಾಮಸಾಬನ ಎದುರು ನಿಂತು, ಚಹಾ ಕುಡಿದು, ಕೀಲಿ ಇಸಿದುಕೊಂಡ. ಅವನ ಕಾರು ನನ್ನ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಅದು ಹೋದ ಮೇಲೆ ಮರಳಿ ಬರುವವರೆಗೆ ನನಗೆ ಕೆಲಸ ಸಾಗುತ್ತಿರಲಿಲ್ಲ. ಯಂತ್ರದ ಮೇಲೆ ಕಾಲಿಟ್ಟರೆ ಕಾಲು ತಾನೇ ಹಿಂದಕ್ಕೆ ಬರುತ್ತಿತ್ತು. ಕತ್ತರಿ ಹಿಡಿದರೆ, ಈಗ ಬಂದರೆ ಬೆರಳು ಹೋಗುತ್ತದೆ ಅನ್ನಿಸುತ್ತಿತ್ತು. ಕುದಿಯುವ ಪಾತ್ರೆಯನ್ನು ನಾನು ಇಳಿಸುವುದನ್ನೇ ಬಿಟ್ಟೆ. ಸಿದ್ರಾಮ ತಾವೇ ಬಂದು ಇಳಿಸಿ ಹೋಗುತ್ತಿದ್ದರು. ನನ್ನ ತಮ್ಮ ಕುಡಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಮೈಗೆ ಅದು ಸಾಲುತ್ತಿರಲಿಲ್ಲ.

ಆರು ತಿಂಗಳು ತುಂಬಿ ನಾವು ಮತ್ತೆ ವಾಮನರಾವ್ ಎದುರು ಕೂತೆವು. ಗುರುಪಾದ ಗೋಡೆಗೆ ಒರಗಿ ನಿಂತಿದ್ದ.

"ಆದದ್ದೆಲ್ಲಾ ನನಗ ಗೊತ್ತದ" ಅಂದರು ವಾಮನರಾವ್. "ಆದರೂ ಕೇಳಬೇಕು. ಮುಂದುವರೀತೀರೇನು?"

"ಹೂಂ" ಅಂದಳು ಸುಮಿತ್ರಾ.

"ಇರತೇನ್ರಿ" ಅಂದ ಇಮಾಮಸಾಬ.

ವಾಮನರಾವ್ ನನ್ನ ಕಡೆ ನೋಡಿದರು. ಮನೆಯಿಂದ ಹೊರಡುವಾಗ ನಾನು ಹೂಂ ಅನ್ನಲೆಂದೇ ಹೊರಟಿದ್ದೆ. ತಮ್ಮನನ್ನು ಇಲ್ಲಿಗೆ ಮೊದಲು ಕರೆತಂದವಳು ನಾನು, ಉಳಿದವರನ್ನು ಹುಡುಕಿದವಳು ನಾನು. ಫ್ಯಾನು ತಿರುಗುತ್ತಿತ್ತು. ಎಲ್ಲರೂ ಕಾಯುತ್ತಿದ್ದರು.

"ಇಲ್ರಿ" ಅಂದೆ. "ನನ್ನ ಕೈಲೆ ಆಗಂಗಿಲ್ಲ."

ಸುಮಿತ್ರಾ ತಿರುಗಿ ನೋಡಿದಳು. ಇಮಾಮಸಾಬ ನೆಲ ನೋಡಿದ. ವಾಮನರಾವ್ ಗುರುಪಾದನಿಗೆ, "ಬ್ಯಾರೆ ಯಾರನ್ನರೆ ಹುಡುಕಲಿಕ್ಕೆ ಹದಿನೈದು ದಿನ ಕೊಡತೇನಿ" ಅಂದರು. ಗುರುಪಾದ ಆ ಬೆಳಿಗ್ಗೆ ಇಸಿದುಕೊಂಡಿದ್ದ ಕೀಲಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಬ್ಯಾಡ್ರಿ ಸಾಹೇಬ್ರ. ಗಾಡಿ ನಿಂತೈತಿ ಅಂತ ಬರಕೋರಿ. ಇನ್ನ ಯಾರನ್ನೂ ನಾ ಕೇಳಂಗಿಲ್ಲ."

ಹೊರಗೆ ಬೇವಿನ ಮರದ ಕೆಳಗೆ ಅವನು ನನ್ನ ಹತ್ತಿರ ಬಂದ. ಬೈಯುತ್ತಾನೆಂದು ಕಾದೆ. "ಕಾಲ ಇನ್ನೂ ನೋಯ್ತೈತೇನಕ್ಕಾ?" ಅಂದ.

"ನೋಯಂಗಿಲ್ಲೋ. ಯಾವಾಗ ನೋಯ್ತೈತಿ ಅಂತ ಕಾಯ್ಕೋತ ಕುಂದರತೈತಿ."

ಅವನು ತಲೆಯಾಡಿಸಿದ. ಅಲ್ಲಿಂದ ಇಬ್ಬರೂ ನಡೆದೇ ಮನೆಗೆ ಬಂದೆವು. ರಸ್ತೆ ದಾಟುವಾಗ ಅವನು ನನ್ನ ತೋಳು ಹಿಡಿದುಕೊಂಡ.

ಸುಮಿತ್ರಾ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಳು. ನಾನು ಹೋಗಿ ಕ್ಷಮೆ ಕೇಳಲಿಲ್ಲ. ಕೇಳಿದರೆ ಮತ್ತೆ ಹೂಂ ಅನ್ನಬೇಕಾಗುತ್ತಿತ್ತು. ನಾನು ಭಯಪಟ್ಟಂತೆ ಗುರುಪಾದ ಕಟ್ಟೆಗೆ ಮರಳಲಿಲ್ಲ. ಮರುದಿನ ಬೆಳಿಗ್ಗೆ ರಾಚಪ್ಪನ ಕೊಟ್ಟಿಗೆಗೆ ಹೋದ. ರಾಚಪ್ಪನ ಕಾಲು ಕೂಡಿದ್ದರೂ ಸ್ವಲ್ಪ ಗಿಡ್ಡವಾಗಿ, ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಗುರುಪಾದ ಅವನ ಸೈಕಲ್ ಸರಿಮಾಡಿಸಿಕೊಂಡು ಮನೆಮನೆಗೆ ಹಾಲು ಹಾಕತೊಡಗಿದ. ಅವನಿಂದಾಗಿ ಭುಜ ನೋಯಿಸಿಕೊಂಡಿದ್ದ ಮನೆಗಳೇ ಎಲ್ಲ. ಕೆಲವರು ಹಾಲು ಬೇರೆ ಕಡೆ ಮಾಡಿಕೊಂಡರು. ಕೆಲವರು ಪಾತ್ರೆಯನ್ನು ಹೊರಗಿಟ್ಟು ಒಳಗೆ ಹೋದರು. ಅವನು ಹಾಲು ಹಾಕಿ, ಮುಚ್ಚಳ ಮುಚ್ಚಿ, ಮುಂದಿನ ಮನೆಗೆ ಹೋಗುತ್ತಿದ್ದ. ಮೊದಲಿನ ಸಂಪಾದನೆ ಬರಲಿಲ್ಲ. ಮನೆ ಹೇಗೋ ನಡೆಯಿತು. ಕಾರು ಇಮಾಮಸಾಬನ ಗ್ಯಾರೇಜಿನ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಮಳೆಗಾಲ ಕಳೆದ ಮೇಲೆ ಸುಮಿತ್ರಾ ಒಂದು ದಿನ ಅಂಗಡಿಗೆ ಬಂದು ಅಂಗನವಾಡಿಗೆ ಪರದೆ ಹೊಲಿದುಕೊಡಿ ಅಂದಳು. ಅಳತೆ ಹೇಳಿದಳು. ಆಮೇಲೆ ಕೂತು ಚಹಾ ಕುಡಿದು ಹೋದಳು.

ಮೂರು ವರ್ಷ ಮುಗಿದ ದಿನ ಗುರುಪಾದ ಒಬ್ಬನೇ ಕಚೇರಿಗೆ ಹೋಗಿ ಬಂದ. ಈ ಸಲ ಹೊಣೆಗೆ ಯಾರೂ ಬೇಕಿರಲಿಲ್ಲ. ಅವನನ್ನು ಊರ ವಿಮೆಗೆ ಮರಳಿ ಸೇರಿಸಿಕೊಂಡರು. ಆ ಭಾನುವಾರ ಗಂಡಹೆಂಡತಿಯನ್ನು ಊಟಕ್ಕೆ ಕರೆದಿದ್ದೆ. ಹೋಳಿಗೆ ಮಾಡಿದ್ದೆ. ಸಿದ್ರಾಮ ಅವನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತರು.

ಎರಡನೇ ಸಲ ಬಡಿಸಲು ಬಗ್ಗಿದವಳು ನಾನು ನಿಂತುಬಿಟ್ಟೆ. ಎಡಮೊಣಕೈಯಲ್ಲಿ ಇರುವೆ ಕಚ್ಚಿದಷ್ಟು ನೋವು. ಸಿದ್ರಾಮ ಮೊಣಕೈ ಉಜ್ಜಿಕೊಂಡು ಮತ್ತೆ ತುತ್ತು ಕಲಸಿದರು. ಸುಮಿತ್ರಾಳೂ ಹಾಗೇ ಮಾಡಿದಳು. ಗುರುಪಾದ ಮಾತ್ರ ತನ್ನ ಎಡಗೈಯನ್ನು ಮುಂದೆ ಚಾಚಿ, ಅದು ತನ್ನದೋ ಅಲ್ಲವೋ ಎಂಬಂತೆ ನೋಡುತ್ತಿದ್ದ.

"ನನಗೂ ಬಂತು" ಅಂದ.

"ಹೂಂ. ಉಣ್ಣು" ಅಂದರು ಸಿದ್ರಾಮ.

ಅವನು ಉಣ್ಣಲಿಲ್ಲ. ಎದ್ದು ಕೈತೊಳೆದು, ಚಪ್ಪಲಿ ಮೆಟ್ಟಿ ಹೊರಟ. "ಎಲ್ಲಿಗೆ?" ಅಂತ ಸುಮಿತ್ರಾ ಕೇಳಿದಳು. "ಯಾರಂತ ನೋಡಿ ಬರ್ತೇನಿ" ಅಂದ. ನಮ್ಮೂರಲ್ಲಿ ಹಾಗೆ ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ನೋವು ಹೊತ್ತರೆ ಸಾಕು ಎಂದು ನಾವು ತಿಳಿದಿದ್ದೇವೆ. ನಾನು ಅವನ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿದೆ.

ಬಿಸಿಲು ಇಳಿಯುವ ಹೊತ್ತಿಗೆ ಬಂದ. ಊರಿನ ಆ ತುದಿಯವರೆಗೆ ನಡೆದಿದ್ದನಂತೆ. ಅಂಗಿ ಬೆವರಿನಿಂದ ತೊಯ್ದಿತ್ತು.

"ಪದ್ಮಾವತಿ ಅಂತ" ಅಂದ. "ಎಣ್ಣಿ ಗಾಣದ ಕಡೆ ಮನಿ. ಸ್ಕೂಟರ್ ತಾಗಿ ಬಿದ್ದಾಳ. ಕೈ ಮುರದಿಲ್ಲ, ಉಳುಕೈತಿ ಅಷ್ಟ. ಬಟ್ಟಿ ಒಗ್ಯಾಕ ಕುಂತಿದ್ಲು, ನೋವಿಲ್ಲಲ್ಲ ಅಂತ. ಬ್ಯಾಡವಾ ಅಂದು ನಾನ ಒಗದು ಹಾಕಿ ಬಂದೆ."

ಆಮೇಲೆ ಎಲೆಯ ಮುಂದೆ ಕೂತು, ಆರಿದ ಹೋಳಿಗೆಯನ್ನು ಬಲಗೈಯಿಂದ ಮುರಿದು ತಿನ್ನತೊಡಗಿದ. ಎಡಗೈಯನ್ನು ಮಡಿಲಲ್ಲಿ ಮೆಲ್ಲಗೆ ಇಟ್ಟುಕೊಂಡಿದ್ದ.